ಒಂದು ದೋಣಿ, ಇಬ್ಬರು ‘ರೀ’

ನಮ್ಮವರಿಗೆ ಹಾಯಿದೋಣಿಯ ಹುಚ್ಚು ಹಿಡಿದದ್ದು ಕೋವಿಡ್ ಕಾಲದಲ್ಲಿ. ಅಮೆರಿಕದ ಏಪೆಕ್ಸ್ ಊರಿನ ನಮ್ಮ ಮನೆಯಲ್ಲಿ ಕೂತು ಇಟಲಿಯ ದ್ವೀಪಗಳ ವಿಡಿಯೊ ನೋಡುವುದೇ ನೋಡುವುದು. ಎದೆಗೆ ಸ್ಟೆಂಟ್ ಹಾಕಿಸಿಕೊಂಡ ಮೇಲಾದರೂ ಸುಮ್ಮನಾಗುತ್ತಾರೆ ಅಂದುಕೊಂಡೆ. ಎಲ್ಲಿ! "ಗಟ್ಟಿಯಾಗಿದ್ದಾಗ್ಲೇ ಹೋಗ್ಬಿಡ್ಬೇಕು ಮೈಥಿಲಿ" ಎಂದು ಅಲ್ಲಿನ ಲಿಪಾರಿ ದ್ವೀಪದ ಸುತ್ತ ತಿರುಗಾಡಲು ಒಂದು ವಾರಕ್ಕೆ ದೋಣಿ ಬುಕ್ ಮಾಡಿಯೇಬಿಟ್ಟರು. ಜೊತೆಗೆ ನಮ್ಮ ಬೀದಿಯವರೇ ಆದ ವಿಜಯಪುರದ ಮಹಾಂತಪ್ಪ, ಅವರ ಹೆಂಡತಿ ಸಿದ್ದೇಶ್ವರಿ.

ಬಾಡಿಗೆಗೆ ಕೊಡುವವರದು ಒಂದು ಷರತ್ತು. ನಡೆಸುವವರಿಗೆ ಏನಾದರೂ ಆದರೆ ದೋಣಿಯನ್ನು ದಡ ಮುಟ್ಟಿಸಲು ದೋಣಿ ನಡೆಸುವ ಪರೀಕ್ಷೆ ಪಾಸಾದ ಇನ್ನೊಬ್ಬರು ಇರಬೇಕು. ನಮ್ಮವರು ಆಗಲೇ ಪಾಸಾಗಿದ್ದರು, ಮಹಾಂತಪ್ಪನವರು ಡುಮ್ಕಿ ಹೊಡೆದಿದ್ದರು. ಸಿದ್ದೇಶ್ವರಿ ಚುಕ್ಕಾಣಿ ಮುಟ್ಟುವುದಿಲ್ಲ ಎಂದು ಕೈ ಎತ್ತಿದ್ದಳು. ಉಳಿದವಳು ನಾನು. ನಾನೂ ಫೇಲಾದರೆ ಇಟಲಿಯೂ ಇಲ್ಲ, ಗಿಟಲಿಯೂ ಇಲ್ಲ.

ಪರೀಕ್ಷೆ ನಮ್ಮೂರ ಪಕ್ಕದ ಜೋರ್ಡನ್ ಲೇಕ್‌ನಲ್ಲಿ. ಪರೀಕ್ಷಕ ಡೇಲ್ ಒಳ್ಳೆಯ ಮನುಷ್ಯ, ಮಾತು ಕಡಿಮೆ. ಚುಕ್ಕಾಣಿ ನನ್ನ ಕೈಯಲ್ಲಿ. ಎಡಗಡೆಯ ಹಗ್ಗ ನಮ್ಮವರದು, ಬಲಗಡೆಯದು ಮಹಾಂತಪ್ಪನವರದು. ಸಿದ್ದೇಶ್ವರಿ ಚಿತ್ರಾನ್ನದ ಡಬ್ಬಿ ಮಡಿಲಲ್ಲಿಟ್ಟುಕೊಂಡು ಮೂಲೆಯಲ್ಲಿ ಕೂತಿದ್ದಳು. ದೋಣಿ ತಿರುಗುವಾಗ ಒಬ್ಬರು ಹಗ್ಗ ಬಿಡಬೇಕು, ಇನ್ನೊಬ್ಬರು ಎಳೆಯಬೇಕು.

"ರೀ, ಬಿಡ್ರೀ!" ಎಂದು ಕೂಗಿದೆ.

ಇಬ್ಬರೂ ಬಿಟ್ಟರು! ಹಾಯಿ ಪಟಪಟ ಬಡಿದುಕೊಂಡಿತು, ದೋಣಿ ನಡುನೀರಿನಲ್ಲಿ ನಿಂತೇಹೋಯಿತು.

"ಅಯ್ಯೋ, ನೀವ್ಯಾಕ್ ಬಿಟ್ರಿ?" ಎಂದು ಮಹಾಂತಪ್ಪನವರನ್ನು ಕೇಳಿದೆ.

"ರೀ ಅಂದ್ರೆಲ್ರಿ. ನಮ್ಮನ್ಯಾಗ ರೀ ಅಂದ್ರ ನಾನ ಅಲ್ಲೇನ್ರಿ?"

ವಿಷಯ ಕೇಳಿ ಡೇಲ್ ತಲೆಯಾಡಿಸಿದ. ಇನ್ನೊಂದೇ ಅವಕಾಶ ಕೊಡುತ್ತೇನೆ, ಹೆಸರು ಹಿಡಿದು ಕರೆಯಿರಿ ಎಂದ.

ಹೆಸರು! ಮದುವೆಯಾದಾಗಿನಿಂದ ನಾನು ಅವರ ಹೆಸರೆತ್ತಿದವಳಲ್ಲ. ಆಸ್ಪತ್ರೆಯಲ್ಲಿ ಕೇಳಿದಾಗಲೂ ಚೀಟಿಯಲ್ಲಿ ಬರೆದು ತೋರಿಸಿದ್ದೆ. ಹೆಂಡತಿ ಹೆಸರು ಕರೆದರೆ ಗಂಡನ ಆಯಸ್ಸು ಕಡಿಮೆಯಾಗುತ್ತದೆ ಎನ್ನುತ್ತಿದ್ದಳು ನನ್ನ ಅಜ್ಜಿ. ನಗುವವರು ನಗಲಿ. ನಾನೂ ಔಷಧಿ ಕಂಪನಿಯ ಲ್ಯಾಬಿನಲ್ಲಿ ದುಡಿಯುವವಳೇ, ನನಗೇನು ಬುದ್ಧಿಯಿಲ್ಲವೇ? ಆದರೆ ಎದೆಯಲ್ಲಿ ಸ್ಟೆಂಟ್ ಇರುವ ಗಂಡನ ಆಯಸ್ಸಿನ ಜೊತೆ ಚೆಲ್ಲಾಟ ಬೇಡವೆಂದು ಭಯ.

"ಒಂದ್ಸಲ ಕರದ್ಬಿಡೇ, ಏನೂ ಆಗಲ್ಲ" ಎಂದರು ನಮ್ಮವರು.

"ಬಾಯ್ಮುಚ್ಕೊಂಡು ಹಗ್ಗ ಹಿಡ್ಕೊಳ್ಳಿ" ಎಂದೆ.

ಮತ್ತೆ ಹೊರಟೆವು. ಅಷ್ಟರಲ್ಲಿ ಗಾಳಿ ಜೋರಾಯಿತು. ಗಾಬರಿಯಲ್ಲಿ ನಾನು ಚುಕ್ಕಾಣಿಯನ್ನು ಅತಿಯಾಗಿ ತಿರುಗಿಸಿಬಿಟ್ಟೆ. ದೊಡ್ಡ ಹಾಯಿಯ ಬುಡದಲ್ಲಿ ಅಡ್ಡಕ್ಕಿರುವ ಕಂಬ ಒಮ್ಮೆಲೇ ಈಚೆಗೆ ಬೀಸಿ ಬಂತು. ನಮ್ಮವರು ಅದಕ್ಕೆ ಬೆನ್ನು ಹಾಕಿ ಹಗ್ಗದ ಗಂಟು ಬಿಡಿಸುತ್ತಿದ್ದರು.

"ರೀ!" ಎಂದು ಕಿರುಚಿದೆ.

ಮಹಾಂತಪ್ಪನವರು ದಬಕ್ಕನೆ ಕೂತರು. ನಮ್ಮವರು ತಿರುಗಿಯೂ ನೋಡಲಿಲ್ಲ. ಸಿದ್ದೇಶ್ವರಿ ತನ್ನ ಗಂಡನನ್ನು ಕರೆದಳು ಅಂದುಕೊಂಡರಂತೆ!

"ಶೇಷಾದ್ರೀ! ತಲೆ!"

ಬಗ್ಗಿದರು. ಕಂಬ ಅವರ ಟೋಪಿಯನ್ನಷ್ಟೇ ಹಾರಿಸಿಕೊಂಡು ಹೋಯಿತು. ಆಮೇಲೆ ಡೇಲ್ ಹೇಳಿದ ತಿರುವುಗಳನ್ನೆಲ್ಲ ಹೆಸರು ಹಿಡಿದು ಕೂಗಿಯೇ ಮಾಡಿಸಿದೆ. ಅವನು ಪಾಸು ಮಾಡಿದ.

ದಡಕ್ಕೆ ಬಂದಮೇಲೆ ಅಳು ತಡೆಯಲಾಗಲಿಲ್ಲ. "ಹೆಸ್ರು ಕರದ್ಬಿಟ್ನಲ್ರೀ" ಎಂದೆ.

ಅವರು ಬೋಳುತಲೆ ಸವರಿಕೊಂಡರು. "ಕರೀದೇ ಇದ್ದಿದ್ರೆ ಇವತ್ತೇ ಮುಗೀತಿತ್ತಲ್ಲೇ ಆಯಸ್ಸು!"

ಈಗ ಲಿಪಾರಿಯಲ್ಲಿದ್ದೇವೆ. ದೋಣಿಯನ್ನು ದಡಕ್ಕೆ ತಂದು ಕಟ್ಟುವಾಗ ನನ್ನ ಕೂಗು ಇಡೀ ಬಂದರಿಗೆ ಕೇಳುತ್ತದೆ. ದಂಡೆಯಲ್ಲಿ ಹಗ್ಗ ಹಿಡಿಯುವ ಇಟಲಿಯವನೂ ಕಲಿತುಬಿಟ್ಟಿದ್ದಾನೆ, "ಸೇಸಾದ್ರಿ, ಸೇಸಾದ್ರಿ" ಎಂದು ಕೈ ಬೀಸುತ್ತಾನೆ. ಇವರಿಗೋ ಖುಷಿಯೋ ಖುಷಿ. ನಿನ್ನೆ ಸಂಜೆ ಕಾಫಿಗೆ ಕರೆದರೆ ಕೇಳಿಸದವರ ಹಾಗೆ ಸಮುದ್ರ ನೋಡುತ್ತ ಕೂತಿದ್ದರು, ಹೆಸರು ಹಿಡಿದು ಇನ್ನೊಮ್ಮೆ ಕರೆಯಲಿ ಎಂದು. ಕರೆದೆ.