ಒಡ್ಡಿನ ಕೆಳಗಿನ ರಸ್ತೆ

ಮಿಸಿಸಿಪ್ಪಿ ನದಿ ಉಕ್ಕಿದ ಮೂರನೆಯ ಬೆಳಗ್ಗೆ ಪೊಲೀಸರು ಟಕರ್ ಬೆಂಡ್ ಊರಿನ ಒಂದೊಂದೇ ಬಾಗಿಲು ತಟ್ಟುತ್ತ ಬಂದರು. ಮಧ್ಯಾಹ್ನ ಮೂರಕ್ಕೆ ಒಡ್ಡು ಸಿಡಿಸುತ್ತಾರೆ, ಅಷ್ಟರೊಳಗೆ ಊರು ಖಾಲಿಯಾಗಬೇಕು. ನದಿಯಾಚೆಯ ಪಟ್ಟಣ ಉಳಿಯಲೆಂದು ನೀರನ್ನು ಈಚೆಗೆ ನುಗ್ಗಿಸುವುದು ಕೇಂದ್ರದ ತೀರ್ಮಾನ. ಬೇಡವೆಂದು ರಾಜ್ಯದವರು ಕೋರ್ಟಿಗೆ ಹೋಗಿ ಸೋತಿದ್ದರು. ಎಂಬತ್ತು ವರ್ಷದ ಹಿಂದಿನ ಜಮೀನ್ದಾರರು ನೀರು ಬಿಡಲು ಒಪ್ಪಿ ಬರೆದುಕೊಟ್ಟ ಕಾಗದ ಕೇಂದ್ರದವರ ಕೈಯಲ್ಲಿತ್ತು. ಆಮೇಲೆ ಆ ನೆಲ ಕೊಂಡು ಮನೆ ಕಟ್ಟಿದ ಕಪ್ಪು ಜನರ ಮೂವತ್ತು ಕುಟುಂಬಗಳನ್ನು ಯಾರೂ ಕೇಳಲಿಲ್ಲ.

ಶಾಲೆಯ ಬಸ್ಸು ಓಡಿಸುವ ಒಡೆಸ್ಸಾ ಪ್ರುಯಿಟ್ ಎರಡು ಸಲ ಜನರನ್ನು ದಾಟಿಸಿದಳು. ಹೆದ್ದಾರಿಯ ತಡೆಯ ಬಳಿ ತಲೆ ಎಣಿಸಿದರೆ ತೀರಿಹೋದ ಗಂಡನ ಅಣ್ಣ ಲವೆಲ್ ಇರಲಿಲ್ಲ.

"ಇನ್ನು ಬಿಡಕ್ಕಾಗಲ್ಲಮ್ಮ," ಎಂದ ಪೊಲೀಸಿನವನು. "ಒಡ್ಡಿಗೆ ಸಿಡಿಮದ್ದು ತುಂಬಿ ಆಗಿದೆ. ಸಿಡಿಲೇನಾದ್ರೂ ಬಡಿದ್ರೆ ಅದು ಮೂರು ಗಂಟೆ ತನಕ ಕಾಯಲ್ಲ."

"ಹಾಗಾದ್ರೆ ನೀನೇ ಹೋಗಿ ಕರ್ಕೊಂಡು ಬಾರಪ್ಪ."

ಅವಳು ಜನರನ್ನು ಅಲ್ಲೇ ಇಳಿಸಿ ಬಸ್ಸು ತಿರುಗಿಸಿದಳು.

ರಸ್ತೆ ಒಡ್ಡಿನ ಬುಡದಲ್ಲೇ ಸಾಗಿತ್ತು. ಮಿಂಚು ಹೊಳೆದಾಗಲೆಲ್ಲ ಅವಳು ಒಡ್ಡಿನ ಕಡೆ ನೋಡುತ್ತಿದ್ದಳು. ಗುಡುಗು ಬರುವವರೆಗೂ ಉಸಿರು ಬಿಡಲಾಗುತ್ತಿರಲಿಲ್ಲ.

ಲವೆಲ್ ಕೋಟು ತೊಟ್ಟು ಜಗುಲಿಯ ಮೇಲೆ ಕೂತಿದ್ದ. ತೊಡೆಯ ಮೇಲೆ ಮನೆಯ ಕ್ರಯಪತ್ರ.

"ಏಳಿ ಭಾವ!"

"ಅವರ ಹತ್ರ ಕಾಗದ ಇದ್ರೆ ನನ್ನ ಹತ್ರಾನೂ ಇದೆ. ಬಂದು ಓದ್ಲಿ."

"ನೀರಿಗೇನು ಓದಕ್ಕೆ ಬರುತ್ತಾ? ಆ ರಸ್ತೇಲಿ ಇನ್ನೊಂದ್ಸಲ ಒಬ್ಬಳೇ ಹೋಗೋ ಧೈರ್ಯ ನನಗಿಲ್ಲ. ನೀವು ಬರಲ್ಲ ಅಂದ್ರೆ ನಾನೂ ಇಲ್ಲೇ ಕೂತ್ಕೋತೀನಿ."

ಕೂತೇಬಿಟ್ಟಳು. ಮುದುಕ ಅವಳ ಮುಖವನ್ನೇ ದಿಟ್ಟಿಸಿದ. ನಾಟಕವಲ್ಲವೆಂದು ತಿಳಿಯಿತು.

"ನಿನ್ನ ಗಂಡಾನೂ ಹೀಗೇ ಹಟಮಾರಿ," ಎಂದು ಗೊಣಗುತ್ತ ಎದ್ದ.

ಮರಳುವಾಗ ಕಿವಿಗಡಚಿಕ್ಕುವಂಥ ಸದ್ದಾಯಿತು. ಒಡೆಸ್ಸಾ ಕಣ್ಣು ಮುಚ್ಚಿದಳು. ಬಸ್ಸು ವಾಲಿತು.

"ಗುಡುಗು ಕಣಮ್ಮ, ಬರೀ ಗುಡುಗು. ಕಣ್ಣು ಬಿಡು," ಎಂದ ಲವೆಲ್.

ತಡೆ ದಾಟಿದಾಗ ಮೂರಕ್ಕೆ ಹನ್ನೊಂದು ನಿಮಿಷವಿತ್ತು. ಹೇಳಿದ ಹೊತ್ತಿಗೆ ಸರಿಯಾಗಿ ನೆಲ ಅದುರಿತು. ಸಂಜೆಯೊಳಗೆ ಟಕರ್ ಬೆಂಡಿನಲ್ಲಿ ಚರ್ಚಿನ ಸೂರು ಮಾತ್ರ ಕಾಣುತ್ತಿತ್ತು. ಆಚೆಯ ಪಟ್ಟಣದ ಬೀದಿಗಳು ಒಣಗಿಯೇ ಉಳಿದವು.

ತಡೆಯ ಬಳಿ ಮತ್ತೆ ಬಸ್ಸು ಹತ್ತಿದ್ದ ಜನ ಆಸರೆಗೆ ಕೊಟ್ಟ ಶಾಲೆಯ ಮುಂದೆ ಇಳಿದರು. ಒಡೆಸ್ಸಾ ಸ್ಟೀರಿಂಗ್ ಹಿಡಿದೇ ಕೂತಿದ್ದಳು. ಲವೆಲ್ ಇಳಿಯದೆ ಅವಳ ಹಿಂದಿನ ಸೀಟಿನಲ್ಲಿ ಕಾದು ಕೂತ.