ಆಂಡಾಳ್ ಬರೆದುಕೊಂಡದ್ದು

ಶೀನಣ್ಣನ ಕಣ್ಣು ಹಳದಿಯಾಗಿರುವುದನ್ನು ಮೊದಲು ಗಮನಿಸಿದವಳು ಅವನ ತಂಗಿ ಆಂಡಾಳ್. ೨೦೦೨ರ ಏಪ್ರಿಲ್ ತಿಂಗಳು. ಶಂಕರಪುರದ ಅವರ ಮನೆಯಲ್ಲಿ ಬೆಳಗಿನ ಕಾಫಿಯ ಹೊತ್ತು. ಅಣ್ಣನನ್ನು ಕಿಟಕಿಯ ಹತ್ತಿರ ನಿಲ್ಲಿಸಿ, ರೆಪ್ಪೆ ಎತ್ತಿ ನೋಡಿದಳು.

"ವಾದಿರಾಜನಿಗೆ ಫೋನ್ ಮಾಡ್ದೆ," ಎಂದ ಶೀನಣ್ಣ, ಅವತ್ತು ಸಂಜೆ. "ಬಿಸಿಲಿಗೆ ಪಿತ್ತ ಕೆದರಿದೆ, ಮಾತ್ರೆ ಮಾತ್ರ ನಿಲ್ಲಿಸ್ಬೇಡಿ ಮೇಷ್ಟ್ರೇ ಅಂದ."

"ನಿಲ್ಲಿಸ್ಬಿಡು ಅಣ್ಣ. ಯಾವುದೋ ಹೊಸ ಮಾತ್ರೆ."

"ನಡುವೆ ಬಿಟ್ರೆ ಲೆಕ್ಕ ಕೆಡುತ್ತೆ ಕಣೇ. ನೂರಿಪ್ಪತ್ತು ಜನ ತಗೋತಿದೀವಿ. ಒಬ್ಬೊಬ್ಬರೇ ಬಿಡ್ತಾ ಹೋದ್ರೆ ಅದು ಕೆಲಸ ಮಾಡುತ್ತೋ ಇಲ್ವೋ ಅಂತ ಗೊತ್ತಾಗೋದು ಹೇಗೆ?"

ಶೀನಣ್ಣ ಬಸವನಗುಡಿಯ ಹೈಸ್ಕೂಲೊಂದರಲ್ಲಿ ಮೂವತ್ನಾಲ್ಕು ವರ್ಷ ಗಣಿತ ಕಲಿಸಿ ನಿವೃತ್ತನಾದವನು. ಮದುವೆಯಾಗಿರಲಿಲ್ಲ. ಆಂಡಾಳ್ ಮದುವೆಯಾಗಿ ಎರಡೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡು ಅಣ್ಣನ ಮನೆಗೇ ಬಂದವಳು. ಸಿಟಿ ಸಿವಿಲ್ ಕೋರ್ಟಿನಲ್ಲಿ ಸ್ಟೆನೋ. ಡಾಕ್ಟರ್ ವಾದಿರಾಜ ಶೀನಣ್ಣನ ಶಿಷ್ಯ. ಹುಡುಗನಾಗಿದ್ದಾಗ ಸಂಜೆ ಲೆಕ್ಕ ಹೇಳಿಸಿಕೊಳ್ಳಲು ಬಂದು, ಆಂಡಾಳ್ ಕೈಯ ಪುಳಿಯೋಗರೆ ತಿಂದು ಹೋಗುತ್ತಿದ್ದವನು. ಈಗ ಚಾಮರಾಜಪೇಟೆಯಲ್ಲಿ ಅವನದೇ ನರ್ಸಿಂಗ್ ಹೋಮ್ ಇತ್ತು. ಹೊಸ ಔಷಧಿಗಳ ಪ್ರಯೋಗಕ್ಕೆ ಅಲ್ಲಿ ಜನರನ್ನು ಸೇರಿಸಿಕೊಳ್ಳುತ್ತಿದ್ದರು. ಸಕ್ಕರೆ ಕಾಯಿಲೆಯ ಹೊಸ ಮಾತ್ರೆಗೆ ಜನ ಬೇಕಾದಾಗ ವಾದಿರಾಜ ಗುರುಗಳ ಮನೆಗೇ ಬಂದಿದ್ದ. ಶಿಷ್ಯ ಕೇಳಿದನೆಂದು ಶೀನಣ್ಣ ಎರಡು ಮಾತಾಡದೆ ಸಹಿ ಹಾಕಿದ್ದ.

ಏಪ್ರಿಲ್ ಹದಿನೆಂಟರಂದು ಅವನು ಬಚ್ಚಲಿನಲ್ಲಿ ಕುಸಿದು ಬಿದ್ದ. ಆಂಡಾಳ್ ದೊಡ್ಡ ಆಸ್ಪತ್ರೆಗೆ ಸೇರಿಸಿದಳು. ಅಲ್ಲಿನ ವೈದ್ಯೆ, "ಯಾವ ಮಾತ್ರೆ ತಗೋತಿದ್ರು? ಅದರಲ್ಲಿ ಏನಿದೆ ಅಂತ ತಿಳಿದ್ರೆ ಏನಾದ್ರೂ ಮಾಡಬಹುದು," ಎಂದು ಮತ್ತೆ ಮತ್ತೆ ಕೇಳಿದರು. ಆಂಡಾಳ್ ನರ್ಸಿಂಗ್ ಹೋಮಿಗೆ ಒಂಬತ್ತು ಸಲ ಫೋನ್ ಮಾಡಿದಳು. ಒಂಬತ್ತು ಸಲವೂ ಡಾಕ್ಟರು ಮೀಟಿಂಗಿನಲ್ಲಿದ್ದರು. ಹನ್ನೊಂದನೇ ದಿನ ಶೀನಣ್ಣ ಹೋಗಿಬಿಟ್ಟ.

ಹದಿಮೂರನೇ ದಿನ ಶುಭಸ್ವೀಕಾರದ ಊಟಕ್ಕೆ ವಾದಿರಾಜ ಬಂದ. ಫೋಟೋಕ್ಕೆ ಕೈಮುಗಿದು, ಕಣ್ಣೊರೆಸಿಕೊಂಡು, ನೆಂಟರ ಮಧ್ಯೆ ಕೂತು ತಗ್ಗಿದ ದನಿಯಲ್ಲಿ ಏನೋ ಹೇಳಿ ಹೋದ. ಎಲೆ ತೆಗೆಯುವ ಹೊತ್ತಿಗೆ ಆಂಡಾಳ್‌ಳ ಚಿಕ್ಕಪ್ಪನ ಮಗಳು ಚೂಡಾಮಣಿ ಹತ್ತಿರ ಬಂದಳು.

"ಅಲ್ವೇ, ಡಾಕ್ಟ್ರು ಕೊಟ್ಟ ಮಾತ್ರೆ ಬಿಡಿಸಿ ಅದ್ಯಾವುದೋ ನಾಟಿ ಕಷಾಯ ಕುಡಿಸ್ತಿದ್ದೆಯಂತೆ. ಲಿವರ್ ಸುಟ್ಟುಹೋಯ್ತಂತೆ. ಒಂದು ಮಾತು ಯಾರನ್ನಾದ್ರೂ ಕೇಳ್ಬಾರದಿತ್ತಾ?"

ಆಂಡಾಳ್ ಯಾವ ಕಷಾಯವನ್ನೂ ಕಾಸಿರಲಿಲ್ಲ. ದಿನಾ ಬೆಳಿಗ್ಗೆ ಅಣ್ಣನ ಅಂಗೈಗೆ ಮಾತ್ರೆ ಹಾಕಿ ನೀರು ಕೊಟ್ಟವಳು ಅವಳೇ. ಮಾರನೆಯ ದಿನ ನರ್ಸಿಂಗ್ ಹೋಮಿಗೆ ಹೋಗಿ ಅಣ್ಣನ ಫೈಲು ಕೇಳಿದಳು. ವಾದಿರಾಜ ಅಂಜದೆ ತೋರಿಸಿದ. ಮಾರ್ಚ್ ಇಪ್ಪತ್ತನೇ ತಾರೀಖಿನ ಪತ್ರವೊಂದಿತ್ತು: ವೈಯಕ್ತಿಕ ಕಾರಣಗಳಿಂದ ನಾನು ಪ್ರಯೋಗದಿಂದ ಹೊರಗೆ ಹೋಗುತ್ತಿದ್ದೇನೆ. ಕೆಳಗೆ ಇಂಗ್ಲಿಷಿನಲ್ಲಿ ಸಹಿ. ಶೀನಣ್ಣ ಹುಟ್ಟಿದಾಗಿನಿಂದ ಕನ್ನಡದಲ್ಲಲ್ಲದೆ ಸಹಿ ಹಾಕಿದವನಲ್ಲ. ಅದರ ಹಿಂದಿನ ಹಾಳೆಯಲ್ಲಿ ವಾದಿರಾಜನ ಕೈಬರಹದಲ್ಲಿ, 'ಮನೆಯಲ್ಲಿ ತಂಗಿ ನಾಟಿ ಔಷಧಿ ಕೊಡುತ್ತಿದ್ದರು' ಎಂದಿತ್ತು.

"ವಯಸ್ಸಾಗಿತ್ತಲ್ಲಮ್ಮ. ನೀವು ಮನಸ್ಸಿಗೆ ಹಚ್ಕೋಬೇಡಿ," ಎಂದ ವಾದಿರಾಜ.

ದೂರು ಕೊಡಬೇಕೆಂದರೆ ಪ್ರಯೋಗಗಳ ಸರಿತಪ್ಪು ನೋಡುವ ಸಮಿತಿಗೆ ಕೊಡಿ ಎಂದು ಅಲ್ಲಿನವರೇ ಹೇಳಿದರು. ಕೊಟ್ಟಳು. ಆ ಸಮಿತಿಯ ಅಧ್ಯಕ್ಷರು ವಾದಿರಾಜನ ಮಾವ ಎಂದು ಅವಳಿಗೆ ಗೊತ್ತಾದದ್ದು, 'ಲೋಪವೇನೂ ಕಂಡುಬಂದಿಲ್ಲ' ಎಂಬ ಉತ್ತರ ಬಂದ ಮೇಲೆ. ಆ ಪತ್ರವನ್ನು ಮಡಿಸಿ ಬೀರುವಿನಲ್ಲಿಟ್ಟಳು. ಅಲ್ಲಿಂದ ಮುಂದೆ ಅಳಲಿಲ್ಲ. ಮೂವತ್ತು ವರ್ಷ ಕೋರ್ಟಿನಲ್ಲಿ ಕೂತವಳಿಗೆ ಒಂದು ವಿಷಯ ತಿಳಿದಿತ್ತು: ಸುಳ್ಳು ಹೇಳುವವನನ್ನು ತಡೆಯಬಾರದು, ಹೇಳಲು ಬಿಡಬೇಕು, ಬರೆದುಕೊಳ್ಳಬೇಕು.

೨೦೦೩ರ ಜನವರಿಯಲ್ಲಿ ಪತ್ರಿಕೆಯ ಒಳಪುಟದಲ್ಲಿ ಜಾಹೀರಾತು ಬಂತು. ಮಂಡಿನೋವು, ಆಸ್ತಮಾ, ರಕ್ತದೊತ್ತಡ, ಅರೆತಲೆನೋವು ಇರುವ ಸ್ವಯಂಸೇವಕರು ಬೇಕಾಗಿದ್ದಾರೆ. ತಪಾಸಣೆ, ಔಷಧಿ ಉಚಿತ. ಸಂಪರ್ಕಿಸಿ, ಡಾಕ್ಟರ್ ವಾದಿರಾಜ. ಆಂಡಾಳ್‌ಗೆ ಮಂಡಿನೋವಿದ್ದದ್ದು ನಿಜ. ಸೀರೆ ಬದಲಿಸಿ ನೇರ ಚಾಮರಾಜಪೇಟೆಗೆ ನಡೆದಳು.

ವಾದಿರಾಜ ಅವಳನ್ನು ಕಂಡು ಕುರ್ಚಿಯಿಂದ ಎದ್ದ.

"ನಿಮ್ಮ ಮೇಲೆ ನಂಗೇನೂ ಕೋಪ ಇಲ್ಲ ಡಾಕ್ಟ್ರೇ," ಎಂದಳು ಆಂಡಾಳ್. "ಏನೋ ದುಃಖದಲ್ಲಿ ದೂರು ಕೊಟ್ಬಿಟ್ಟೆ. ಮಂಡಿ ಮಡಿಸೋಕಾಗ್ತಿಲ್ಲ. ನನ್ನನ್ನೂ ಸೇರಿಸ್ಕೊಳ್ಳಿ."

ಅವನ ಮುಖ ಅರಳಿತು. ಅವತ್ತಿನಿಂದ ಅವಳನ್ನು ಎಲ್ಲರಿಗೂ ತೋರಿಸತೊಡಗಿದ. "ಇವರ ಅಣ್ಣ ನನ್ನ ಗುರುಗಳು. ತೀರ್ಕೊಂಡ್ರು, ಪಾಪ. ಆದ್ರೂ ನಮ್ಮ ಮೇಲೆ ಎಷ್ಟು ನಂಬಿಕೆ ನೋಡಿ," ಎಂದು ಹೊಸದಾಗಿ ಬಂದವರ ಮುಂದೆ ಹೇಳುತ್ತಿದ್ದ. ಆಂಡಾಳ್ ತಲೆ ಬಗ್ಗಿಸಿ ನಗುತ್ತಿದ್ದಳು. ಸೆರಗಿನೊಳಗೆ ಉಗುರು ಅಂಗೈಗೆ ಇಳಿದಿರುತ್ತಿತ್ತು.

ಕಾಗದಪತ್ರ ನೋಡಿಕೊಳ್ಳುತ್ತಿದ್ದವಳು ಸುಪ್ರಜಾ, ಇಪ್ಪತ್ತಾರರ ಹುಡುಗಿ. ಬಂದ ಕೂಡಲೇ ಕುರ್ಚಿ ಎಳೆದು ಕೊಡುತ್ತಿದ್ದಳು, ಕಾಫಿ ತರಿಸುತ್ತಿದ್ದಳು. ಆಂಡಾಳ್ ಮಡಿಲಲ್ಲಿ ನೋಟ್‌ಬುಕ್ ಇಟ್ಟುಕೊಂಡು ಕೂರುತ್ತಿದ್ದಳು. ಅದರ ತುಂಬ ಶಾರ್ಟ್‌ಹ್ಯಾಂಡಿನ ಗೀಟುಗಳು.

"ಏನಮ್ಮ ಅದು, ಕೋಳಿ ಕೆರೆದ ಹಾಗೆ?" ಎಂದು ಸುಪ್ರಜಾ ಒಮ್ಮೆ ಕೇಳಿದಳು.

"ರಾಮನಾಮ ಬರೀತಿದೀನಿ. ಬೇಗ ಕೋಟಿ ಮುಗೀಲಿ ಅಂತ."

ಬೆಂಚಿನಲ್ಲಿ ಅವಳ ಪಕ್ಕ ಕೂರುತ್ತಿದ್ದವಳು ತಿಮ್ಮಕ್ಕ. ಕೆ.ಆರ್. ಮಾರ್ಕೆಟ್ಟಿನಲ್ಲಿ ಹೂವು ಮಾರುವವಳು, ಉಬ್ಬಸದ ಪ್ರಯೋಗಕ್ಕೆ ಸೇರಿದ್ದಳು. "ಬಾಯಿಗಿಟ್ಕೊಂಡು ಎಳ್ಕೊಳೋ ಔಸ್ದಿ ಕೊಟ್ಟವ್ರೆ ಕಣಮ್ಮ. ಹತ್ತು ವರ್ಸ ಆದ್ಮೇಲೆ ಮಲಗಿ ನಿದ್ದೆ ಮಾಡ್ತಿವ್ನಿ," ಎಂದು ಆಂಡಾಳ್‌ಗೆ ಮಲ್ಲಿಗೆ ಮೊಳ ಕೊಡುತ್ತಿದ್ದಳು. ಆಂಡಾಳ್ ಹೂವು ಮುಡಿಯುವವಳಲ್ಲ. ಒಯ್ದು ಅಣ್ಣನ ಫೋಟೋಕ್ಕೆ ಹಾಕುತ್ತಿದ್ದಳು.

ಮಂಡಿನೋವಿನ ಮಾತ್ರೆಗಳಲ್ಲಿ ಒಂದನ್ನೂ ಅವಳು ನುಂಗಲಿಲ್ಲ. ಮಾರ್ಚ್ ಹನ್ನೆರಡರ ಬುಧವಾರ ತಪಾಸಣೆಗೆ ಹೋಗಬೇಕಿತ್ತು, ಬೇಕೆಂದೇ ಹೋಗಲಿಲ್ಲ. ಸಂಜೆ ಸುಪ್ರಜಾ ಫೋನ್ ಮಾಡಿದಳು. "ಪರವಾಗಿಲ್ಲಮ್ಮ, ನಾವೇ ಬರ್ಕೋತೀವಿ. ಸರ್ ಹೇಳಿದಾರೆ, ಯಾರೋ ಬಿಟ್ಟುಹೋದ್ರು ಅಂತ ಆಗ್ಬಾರ್ದು." ಆಂಡಾಳ್ ರಿಸೀವರ್ ಇಡುವ ಮೊದಲೇ ಆ ಮಾತು ಪುಸ್ತಕದಲ್ಲಿತ್ತು. ಏಪ್ರಿಲಿನಲ್ಲಿ ಒಂದು ಸಲ, ಮೇನಲ್ಲಿ ಒಂದು ಸಲ, ಹೀಗೆಯೇ. ಸುಪ್ರಜಾಳ ಕಾಫಿ ನೆನಪಾಗಿ ಒಂದು ದಿನ ಅವಳ ಹೆಸರು ಹೊಡೆದುಹಾಕಲು ಪೆನ್ನು ಎತ್ತಿದಳು. ಆಮೇಲೆ ಮಾರ್ಚ್ ಇಪ್ಪತ್ತರ ಪತ್ರದ ಸಹಿ ನೆನಪಾಯಿತು. ಆ ಗುಂಡಗಿನ ಅಕ್ಷರ ಹೆಂಗಸಿನದು. ಹೆಸರನ್ನು ಹಾಗೇ ಬಿಟ್ಟಳು.

ಸೆಪ್ಟೆಂಬರಿನಲ್ಲಿ ಔಷಧಿ ಕಂಪನಿಯ ಇಬ್ಬರು ವಿದೇಶಿಯರೂ ದೆಹಲಿಯ ಸರ್ಕಾರಿ ಅಧಿಕಾರಿಯೊಬ್ಬರೂ ತಪಾಸಣೆಗೆ ಬಂದರು. ಇಂಗ್ಲಿಷ್ ಚೆನ್ನಾಗಿ ಬರುವ ಸ್ವಯಂಸೇವಕಿ ಎಂದು ವಾದಿರಾಜ ಆಂಡಾಳ್‌ಳನ್ನೇ ಕರೆಸಿದ. "ನಾಲ್ಕು ಒಳ್ಳೇ ಮಾತು ಹೇಳಿಬಿಡಿಯಮ್ಮ," ಎಂದು ಬಾಗಿಲಲ್ಲಿ ಪಿಸುಗುಟ್ಟಿದ.

ನೋವು ಹೇಗಿದೆ ಎಂದು ಅಧಿಕಾರಿ ಇಂಗ್ಲಿಷಿನಲ್ಲೇ ಕೇಳಿದರು.

"ಹೇಳ್ತೀನಿ. ಮೊದಲು ನನ್ನ ಫೈಲನ್ನ ನಾನೊಮ್ಮೆ ನೋಡಬಹುದೇ?" ಎಂದಳು ಆಂಡಾಳ್.

ಕೊಟ್ಟರು. ಅವಳು ಕನ್ನಡಕ ಏರಿಸಿ, ನ್ಯಾಯಾಧೀಶರ ಮುಂದೆ ಓದುವ ದನಿಯಲ್ಲಿ ಓದಿದಳು. "ಮಾರ್ಚ್ ಹನ್ನೆರಡು, ಬೆಳಿಗ್ಗೆ ಹನ್ನೊಂದೂಕಾಲು. ರಕ್ತ ತೆಗೆಯಲಾಗಿದೆ. ಲಿವರ್ ಸರಿಯಾಗಿದೆ. ನೋವು ಅರ್ಧಕ್ಕಿಂತ ಕಡಿಮೆಯಾಗಿದೆ." ಫೈಲನ್ನು ಕೆಳಗಿಟ್ಟಳು. "ಆ ಹೊತ್ತಿನಲ್ಲಿ ನಾನು ಕೋರ್ಟಿನಲ್ಲಿ ಸಾಕ್ಷಿಯ ಹೇಳಿಕೆ ಬರೆದುಕೊಳ್ಳುತ್ತಿದ್ದೆ. ನನ್ನ ಸಹಿ ಇರುವ ಪ್ರತಿ ಇಲ್ಲಿದೆ."

ವಾದಿರಾಜ ನಕ್ಕ. "ತಾರೀಖು ಏನೋ ಹೆಚ್ಚುಕಡಿಮೆ..."

ಆಂಡಾಳ್ ಚೀಲದಿಂದ ಮಾತ್ರೆಯ ಪಟ್ಟಿಗಳನ್ನು ತೆಗೆದು ಒಂದೊಂದಾಗಿ ಮೇಜಿನ ಮೇಲೆ ಜೋಡಿಸಿದಳು. ಎಂಟು ತಿಂಗಳ ಮಾತ್ರೆ, ಒಂದೂ ಒಡೆದಿಲ್ಲ. "ಎಲ್ಲ ನುಂಗಿದೀನಿ ಅಂತ ಬರೆದಿದೆ." ಅದರ ಪಕ್ಕ ಟೈಪ್ ಮಾಡಿದ ಅರವತ್ತೆರಡು ಪುಟ ಇಟ್ಟಳು. "ಯಾವ ದಿನ ಯಾರು ಏನು ಹೇಳಿದರು ಅನ್ನೋದು. ಮೂಲ ಪುಸ್ತಕವೂ ಇದೆ. ಯಾವ ಸ್ಟೆನೋ ಕೈಲಾದ್ರೂ ಓದಿಸಿ."

ಕೊನೆಗೆ ಶೀನಣ್ಣನ ಪಟ್ಟಿಗಳು. ಎಲ್ಲ ಖಾಲಿ, ಕೊನೆಯದರಲ್ಲಿ ಮಾತ್ರ ನಾಲ್ಕು ಉಳಿದಿದ್ದವು. ಪ್ರತಿ ಮಾತ್ರೆಯ ಜಾಗದ ಪಕ್ಕದಲ್ಲೂ ಅವನು ನುಂಗಿದ ದಿನ ಪೆನ್ಸಿಲಿನಲ್ಲಿ ಸಣ್ಣಗೆ ತಾರೀಖು ಬರೆದಿದ್ದ. ಕೊನೆಯ ತಾರೀಖು ಏಪ್ರಿಲ್ ಹದಿನೆಂಟು. "ಇವು ತೀರಿಹೋದ ನನ್ನ ಅಣ್ಣನವು. ಇಲ್ಲಿನ ಫೈಲಿನ ಪ್ರಕಾರ ಮಾರ್ಚ್ ಇಪ್ಪತ್ತಕ್ಕೇ ಮಾತ್ರೆ ಬಿಟ್ಟರಂತೆ, ಅವರ ಸಾವು ಪ್ರಯೋಗದ ಲೆಕ್ಕಕ್ಕೇ ಬರಲಿಲ್ಲ," ಎಂದಳು.

ಮೂಲೆಯಲ್ಲಿದ್ದ ಸುಪ್ರಜಾ ಅಳತೊಡಗಿದಳು. "ಸಹಿ ನಾನೇ ಹಾಕ್ದೆ. ಸರ್ ಹಾಕು ಅಂದ್ರು."

ವಾದಿರಾಜ ಆಂಡಾಳ್ ಕಡೆ ತಿರುಗಿದ. ಅವಳು ಆ ಮುಖವನ್ನು ಸಾವಕಾಶವಾಗಿ, ಒಂದು ಗೆರೆಯನ್ನೂ ಬಿಡದೆ ನೋಡಿದಳು. ಹದಿನೇಳು ತಿಂಗಳು ಕಾದದ್ದು ಇದಕ್ಕೇ.

ವಾರದೊಳಗೆ ಅಲ್ಲಿನ ಎಲ್ಲ ಪ್ರಯೋಗಗಳೂ ನಿಂತವು. ಸುಪ್ರಜಾ ಕೆಲಸ ಕಳೆದುಕೊಂಡಳು. ಪತ್ರಿಕೆಗಳಲ್ಲಿ ಸುದ್ದಿ ಬಂತು. ನರ್ಸಿಂಗ್ ಹೋಮಿನ ಬೋರ್ಡು ಇಳಿಸುವ ದಿನ ಆಂಡಾಳ್ ಕೋರ್ಟಿಗೆ ಅರ್ಧ ದಿನ ರಜೆ ಹಾಕಿ ಹೋಗಿ, ಎದುರಿನ ಅಂಗಡಿಯಲ್ಲಿ ಕಬ್ಬಿನ ಹಾಲು ಕುಡಿಯುತ್ತ ನಿಂತಳು. ಬೋರ್ಡು ನೆಲಕ್ಕೆ ತಾಗಿದ ಮೇಲೆ ಇನ್ನೊಂದು ಲೋಟ ಕೇಳಿದಳು.

ಜನವರಿಯ ಒಂದು ಮಧ್ಯಾಹ್ನ ವಾದಿರಾಜ ಶಂಕರಪುರದ ಮನೆಗೆ ಬಂದ. ಇಳಿದುಹೋಗಿದ್ದ. ಆಂಡಾಳ್ ಒಳಗೆ ಕರೆದಳು, ನೀರು ಕೊಡಲಿಲ್ಲ.

"ನಿಮ್ಮ ದೂರಿನ ಮೇಲೆ ಮುಂದಿನ ವಾರ ಮೆಡಿಕಲ್ ಕೌನ್ಸಿಲ್ ಮುಂದೆ ವಿಚಾರಣೆ ಇದೆಯಮ್ಮ. ನೀವೊಂದು ಮಾತು ಹೇಳಿದ್ರೆ... ನಾನು ಈ ಮನೇಲಿ ಊಟ ಮಾಡಿದೋನು."

"ಅದಕ್ಕೇ ಕೂರಿಸಿದೀನಿ," ಎಂದು ಅವಳು ಬಿಳಿ ಹಾಳೆ, ಪೆನ್ನು ಅವನ ಮುಂದಿಟ್ಟಳು. "ಬರ್ಕೋ. ನಾನು ಹೇಳ್ತೀನಿ."

ಜನ್ಮವಿಡೀ ಬೇರೆಯವರು ಹೇಳಿದ್ದನ್ನು ಬರೆದುಕೊಂಡ ಆಂಡಾಳ್ ಅವತ್ತು ಹೇಳಿ ಬರೆಸಿದಳು. "ನನ್ನ ಗುರುಗಳು ನಾನು ಕೊಟ್ಟ ಮಾತ್ರೆಯನ್ನು ಏಪ್ರಿಲ್ ಹದಿನೆಂಟರವರೆಗೂ ತೆಗೆದುಕೊಂಡರು. ಅವರ ಕಣ್ಣು ಹಳದಿಯಾದದ್ದು ನನಗೆ ತಿಳಿದಿತ್ತು. ಮಾತ್ರೆ ಮುಂದುವರಿಸಿ ಎಂದು ನಾನೇ ಹೇಳಿದೆ. ಅವರ ತಂಗಿ ಯಾವ ಕಷಾಯವನ್ನೂ ಕೊಟ್ಟಿರಲಿಲ್ಲ. ಅದು ನಾನು ಕಟ್ಟಿದ ಸುಳ್ಳು."

ಪೆನ್ನು ನಿಂತಿತು.

"ನಿಧಾನವಾಗಿ ಹೇಳ್ಬೇಕಾ?" ಎಂದಳು.

ಅವನು ಬರೆದ. ಸಹಿ ಹಾಕಿದ. ಹಾಳೆ ಅವಳ ಕಡೆ ತಳ್ಳಿ, "ಇನ್ನು ದೂರು ವಾಪಸ್ ತಗೋತೀರಲ್ಲ?" ಎಂದ.

"ತಗೋತೀನಿ ಅಂತ ನಾನು ಎಲ್ಲಿ ಹೇಳ್ದೆ ವಾದಿರಾಜ?"

ಅವನು ಕೈ ಚಾಚುವಷ್ಟರಲ್ಲಿ ಹಾಳೆ ಅವಳ ಬ್ಲೌಸಿನೊಳಗೆ ಸೇರಿತ್ತು. ಮೂಲ ಪ್ರತಿ ಕೌನ್ಸಿಲ್ಲಿಗೆ ಹೋಯಿತು. ಹದಿನಾಲ್ಕು ನಕಲು ಹದಿನಾಲ್ಕು ನೆಂಟರ ಮನೆಗೆ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಹೋದವು. ಚೂಡಾಮಣಿಯ ಪ್ರತಿಯನ್ನು ಮಾತ್ರ ಆಂಡಾಳ್ ತಾನೇ ಒಯ್ದು, ಅವಳು ಪೂರ್ತಿ ಓದಿ ಮುಗಿಸುವವರೆಗೂ ಎದುರಿಗೆ ನಿಂತಿದ್ದಳು. ವಾದಿರಾಜನ ಹೆಸರನ್ನು ವೈದ್ಯರ ಪಟ್ಟಿಯಿಂದ ತೆಗೆದುಹಾಕಿದರು.

ಫೆಬ್ರವರಿಯಲ್ಲಿ ಹೂವಿಗೆಂದು ಮಾರ್ಕೆಟ್ಟಿಗೆ ಹೋದಾಗ ತಿಮ್ಮಕ್ಕ ಸಿಕ್ಕಳು. ಮೂಟೆಗೆ ಒರಗಿ ಕೂತಿದ್ದಳು, ಉಸಿರು ಸಿಳ್ಳೆ ಹಾಕುತ್ತಿತ್ತು.

"ನೀವೇ ಅಂತೆ ಕಣಮ್ಮ, ಮುಚ್ಚಿಸಿದ್ದು," ಎಂದಳು, ಮಾತು ಮಾತಿಗೆ ನಿಲ್ಲುತ್ತ. "ಆವಯ್ಯ ಕೆಟ್ಟೋನೇ ಇರ್ಲಿ. ನಂಗೆ ನಿದ್ದೆ ಕೊಟ್ಟಿದ್ದ. ನೀವು ಕಿತ್ಕೊಂಡ್ರಿ."

ಆಂಡಾಳ್ ಅಲ್ಲಿಂದಲೇ ಆಟೋ ಹಿಡಿದು ಅವಳನ್ನು ಸರ್ಕಾರಿ ಆಸ್ಪತ್ರೆಗೆ ಕರೆದೊಯ್ದಳು. ಹೆಸರು ಬರೆಸಿ, ಎದೆಯ ಡಾಕ್ಟರಿಗೆ ತೋರಿಸಿ, ಅಂಥದೇ ಎಳೆದುಕೊಳ್ಳುವ ಔಷಧಿ ಕೊಡಿಸಿದಳು. ಅಷ್ಟು ಚೆನ್ನಾಗಿ ಅದು ಕೆಲಸ ಮಾಡಲಿಲ್ಲ, ಆದರೂ ಉಸಿರಾಡುವಷ್ಟಾಯಿತು. ಪ್ರತಿ ತಿಂಗಳ ಮೊದಲ ಸೋಮವಾರ ಇಬ್ಬರೂ ಹೋಗುವುದು ವಾಡಿಕೆಯಾಯಿತು. ತಿಮ್ಮಕ್ಕ ಬರುತ್ತಿದ್ದಳು, ಆದರೆ ಹೂವು ತರುತ್ತಿರಲಿಲ್ಲ.

ಒಂದು ಸೋಮವಾರ ಸಾಲಿನಲ್ಲಿ ಕೂತಿದ್ದಾಗ ತಿಮ್ಮಕ್ಕ ಕೇಳಿದಳು, "ನನ್ ಗತಿ ಹಿಂಗಾಗ್ತದೆ ಅಂತ ಮೊದ್ಲೇ ಗೊತ್ತಿದ್ರೆ ಬಿಟ್ಬಿಡ್ತಿದ್ರಾ ಅವನ್ನ?"

ಆಂಡಾಳ್‌ಗೆ ಸುಳ್ಳು ಹೇಳಲು ಮನಸ್ಸಾಗಲಿಲ್ಲ.

"ಇಲ್ಲ ತಿಮ್ಮಕ್ಕ. ಬಿಡ್ತಿರ್ಲಿಲ್ಲ."

ತಿಮ್ಮಕ್ಕ ತಲೆಯಾಡಿಸಿದಳು. ಅವಳ ನಂಬರು ಕೂಗಿದರು. ಆಂಡಾಳ್ ಎಬ್ಬಿಸಲು ಕೈ ನೀಡಿದಳು. ತಿಮ್ಮಕ್ಕ ಅದನ್ನು ಹಿಡಿಯದೆ, ಬೆಂಚಿನ ಅಂಚಿಗೆ ಕೈಯೂರಿ ತಾನೇ ಎದ್ದು ಒಳಗೆ ಹೋದಳು.