ಸಾಲು ತಪ್ಪಿದ ಬೆಳಿಗ್ಗೆ

ಬಂದು ವಾರ ಕಳೆದರೂ ಆ ಹುಡುಗಿಗೆ ಕೂತರೆ ಕೂರಲಾಗದು, ನಿಂತರೆ ನಿಲ್ಲಲಾಗದು. ದೂರದ ದೇಶದಿಂದ ಸೇವೆ ಮಾಡಲೆಂದು ಬಂದವಳು. ಬಿಸಿಲಿಗೆ ಅಗಲವಾದ ಟೋಪಿ ಹಾಕುತ್ತಿದ್ದಳೆಂದು ಗಲ್ಲಿಯವರೆಲ್ಲ ಅವಳಿಗೆ ಟೋಪಿ ಮೇಡಂ ಎಂದೇ ಹೆಸರಿಟ್ಟಿದ್ದರು. ಕೆಲಸವೇನೋ ಸುಲಭದ್ದು: ಗಲ್ಲಿಯ ಕೊನೆಯ ತಗಡಿನ ಕೋಣೆಯಲ್ಲಿ ಚಿಕ್ಕ ಮಕ್ಕಳಿಗೆ ಹಾಡು, ಬಣ್ಣ, ಆಟ. ಆದರೆ ಆ ಕೋಣೆಗೆ ಹೋಗುವ ದಾರಿಯೇ ಅವಳ ನಿದ್ದೆ ಕೆಡಿಸಿತ್ತು. ಚರಂಡಿಯ ಮೇಲೆ ಹಲಗೆ, ಹಲಗೆಯ ಮೇಲೆ ಒಲೆ, ಒಲೆಗೆ ಒತ್ತಿಕೊಂಡೇ ತೊಟ್ಟಿಲು. ಅವಳ ಊರಿನಲ್ಲಿ ಬಡತನ ಅನ್ನುವುದು ಶಾಲೆಯ ಗೋಡೆಯ ಮೇಲಿನ ಒಂದು ಚಿತ್ರವಾಗಿತ್ತು. ಚಿತ್ರಕ್ಕೆ ವಾಸನೆ ಇರಲಿಲ್ಲ; ಚಿತ್ರದೊಳಗಿನವರು ‘ಊಟ ಆಯ್ತಾ’ ಎಂದು ತಿರುಗಿ ಕೇಳುತ್ತಲೂ ಇರಲಿಲ್ಲ. ಏನಾದರೂ ಮಾಡಬೇಕು ಎಂದು ಕೈ ತುರಿಸುತ್ತಿತ್ತು. ಕಣ್ಣಿಗೆ ಕಾಣುವಂಥದ್ದು ಏನಾದರೂ.

ಹಾಗಾಗಿ ಅಂದು ಬೆಳಕು ಹರಿಯುವ ಹೊತ್ತಿಗೇ ಬಂದುಬಿಟ್ಟಳು. ಬೀದಿ ನಲ್ಲಿಯ ಕಟ್ಟೆ ನೋಡಿದರೆ ಬರೀ ಹಾಳುಮೂಳು: ತಳ ಹೋದ ಕೊಡ, ಬಿರುಕು ಬಿಟ್ಟ ಬಕೆಟ್ಟು, ಒಂಟಿ ಚಪ್ಪಲಿ, ಚಿಂದಿ ಸುತ್ತಿದ ಇಟ್ಟಿಗೆ. ಕುಡಿಯುವ ನೀರಿನ ಜಾಗ ಹೀಗಿದ್ದರೆ ರೋಗ ಬಾರದೆ ಇನ್ನೇನು ಬಂದೀತು? ಎಲ್ಲವನ್ನೂ ಚೀಲಕ್ಕೆ ತುಂಬಿ, ಕಸದ ಗಾಡಿ ಬಂದಾಗ ತಾನೇ ಎತ್ತಿ ಹಾಕಿ, ಪೊರಕೆ ಹಿಡಿದು ಕಟ್ಟೆ ಉಜ್ಜಿದಳು. ಬಂದಾಗಿನಿಂದ ಮೊದಲ ಸಲ ಎದೆ ಹಗುರವಾಯಿತು.

ನೀರು ಬಿಡುವ ಹೊತ್ತಾಯಿತು. ಬಾಗಿಲುಗಳು ತೆರೆದವು. ಕೊಡ ಹಿಡಿದು ಬಂದವರೆಲ್ಲ ಕಟ್ಟೆಯ ಮುಂದೆ ಬೆಪ್ಪಾಗಿ ನಿಂತರು.

“ನನ್ ಇಟ್ಟಿಗೆ ಎಲ್ಲಿ?”

“ನಿನ್ ಇಟ್ಟಿಗೆ ಮನೆ ಹಾಳಾಗ್ಲಿ, ನನ್ ಚಪ್ಪಲಿ ಎಲ್ಲಿ?”

ಆ ಗಲ್ಲಿಯಲ್ಲಿ ನೀರಿಗೆ ಮನುಷ್ಯರು ಸಾಲು ನಿಲ್ಲುತ್ತಿರಲಿಲ್ಲ. ಹಿಂದಿನ ಸಂಜೆಯೇ ಪ್ರತಿ ಮನೆಯೂ ತನ್ನ ಸರದಿಗೆಂದು ಒಂದು ವಸ್ತು ಇಟ್ಟು ಹೋಗುತ್ತಿತ್ತು. ಕದಿಯಲು ಯಾರಿಗೂ ಮನಸ್ಸಾಗದಂಥದ್ದು. ಅದನ್ನು ಯಾರೂ ಮುಟ್ಟರು. ಕುಡಿದು ತೂರಾಡುವವನೂ ಅದಕ್ಕೆ ಕಾಲು ತಾಗಿಸದೆ ಸುತ್ತಿಕೊಂಡೇ ಮನೆ ಸೇರುತ್ತಿದ್ದ.

ಅಂದಿನ ಮೊದಲ ಸರದಿ ತಳವಿಲ್ಲದ ಕೊಡದ್ದು. ಅದು ಬಟ್ಟೆ ಒಗೆಯುವ ಅಕ್ಕನದು. ಬಸ್‌ನಿಲ್ದಾಣದ ಲಾಡ್ಜಿನ ಬೆಡ್‌ಶೀಟುಗಳು ಅವಳ ಮನೆಯಲ್ಲಿ ಸೋಪಿನಲ್ಲಿ ನೆನೆದಿದ್ದವು. ಇನ್ನೊಂದು ಸಲ ತಡವಾದರೆ ಕೆಲಸ ಮೆಷಿನ್ ಲಾಂಡ್ರಿಗೆ ಎಂದು ಮ್ಯಾನೇಜರ್ ಆಗಲೇ ಗದರಿಸಿದ್ದ. ನಾನು ಮೊದಲು ತಾನು ಮೊದಲು ಎಂಬ ಜಗಳದಲ್ಲಿ ಕೊಡಕ್ಕೆ ಕೊಡ ಬಡಿಯಿತು, ಒಬ್ಬಳ ಜಡೆ ಇನ್ನೊಬ್ಬಳ ಕೈಗೆ ಬಂತು. ಅಕ್ಕನದು ಬಾಯಿ ಜೋರು, ಮೈ ಬಡಕಲು. ತಳ್ಳಾಟದಲ್ಲಿ ಅವಳು ನಲ್ಲಿಯ ಹತ್ತಿರ ಹೋಗುವಷ್ಟರಲ್ಲಿ ನೀರು ಸಣ್ಣಗಾಗಿ, ಕೆಮ್ಮಿ, ನಿಂತುಹೋಯಿತು.

“ಕ್ಷಮಿಸಿರಿ. ಅವುಗಳನ್ನು ನಾನು ತೆಗೆದೆನು,” ಎಂದಳು ಹುಡುಗಿ. ಪುಸ್ತಕ ಓದಿ ಕಲಿತ ಭಾಷೆ ಅವಳದು. “ನಾನು ಶುಚಿ ಮಾಡಿದೆನು.”

“ಮಾಡಿದೆನು ಅಂತೆ,” ಎಂದಳು ಮೂಲೆಮನೆ ಅಜ್ಜಿ. “ಬೈಯೋಣ ಅಂದ್ರೆ ನಗು ಬರೋ ಹಂಗೆ ಮಾತಾಡ್ತಾಳಲ್ಲೇ ಇವಳು.”

ಅಕ್ಕ ನಗಲಿಲ್ಲ. “ಅಲ್ಲ ಕಣಮ್ಮ, ನಿಮ್ಮೂರಲ್ಲಿ ಬೇರೆಯವ್ರ ಸಾಮಾನು ಕೇಳ್ದೇನೇ ಎಸೀತಾರಾ?”

“ಅದು ಕಸ ಎಂದು ತಿಳಿದೆನು.”

“ನಮ್ ಮನೆ ಒಳಗೆ ಬಂದು ನೋಡು. ಎಸೆಯೋಕೆ ಇನ್ನೂ ಬೇಕಾದಷ್ಟಿದೆ. ಲಾಡ್ಜಿನ ಬೆಡ್‌ಶೀಟೂ ಸೋಪಲ್ಲೇ ಕೂತಿವೆ.”

ಹುಡುಗಿ ಪೊರಕೆ ಕೆಳಗಿಟ್ಟಳು. “ಅಕ್ಕಾ, ನನ್ನ ಹಾಸ್ಟೆಲ್ಲಿನಲ್ಲಿ ನೀರಿದೆ. ಬೆಡ್‌ಶೀಟು ಕೊಡಿ. ಈಗಲೇ ಹೋಗೋಣ.”

ತೊಟ್ಟಿಕ್ಕುವ ಗಂಟುಗಳನ್ನು ಇಬ್ಬರೂ ಹೊತ್ತು, ವಾರ್ಡನ್ ಕಣ್ಣಿಗೆ ಬೀಳದಂತೆ ಹಿತ್ತಿಲ ಮೆಟ್ಟಿಲು ಹತ್ತಿದರು. ಬಾತ್‌ರೂಮಿನ ನಲ್ಲಿ ತಿರುಗಿಸಿದಾಗ ಹಬೆಯಾಡುವ ನೀರು ಧೋ ಎಂದು ಸುರಿಯಿತು. ಅಕ್ಕ ಕೈಯೊಡ್ಡಿ ಹಿಂದಕ್ಕೆಳೆದುಕೊಂಡಳು.

“ಇದು ಎಷ್ಟೊತ್ತು ಬರುತ್ತೆ?”

ಅದನ್ನು ಹುಡುಗಿ ಎಂದೂ ಯೋಚಿಸಿರಲಿಲ್ಲ. “ಯಾವಾಗಲೂ,” ಎಂದಳು ಮೆಲ್ಲಗೆ.

ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. “ಹಂಗಾದ್ರೆ ಕಂಬದ ಹಂಗೆ ನಿಂತ್ಕೋಬೇಡ. ಬಾ, ಬೆಡ್‌ಶೀಟು ತುಳಿ.”

ಹುಡುಗಿ ಕಾಲು ನೋಯುವವರೆಗೂ ತುಳಿದಳು. ಮಧ್ಯೆ ಮಧ್ಯೆ ಅಕ್ಕ ನಲ್ಲಿ ನಿಲ್ಲಿಸುವಳು, ಇದು ನಿಲ್ಲದ ನೀರೆಂದು ನೆನಪಾಗಿ ಮತ್ತೆ ಬಿಡುವಳು. ತಾರಸಿಯ ಬಿಸಿಲಿಗೆ ಬಟ್ಟೆ ಗರಿಗರಿ ಒಣಗಿತು. ಸಂಜೆ ಲಾಡ್ಜಿಗೆ ಹೋದಾಗ ಮ್ಯಾನೇಜರ್ ಹುಡುಗಿಯನ್ನು ಕಂಡು ಎದ್ದು ಕುರ್ಚಿ ಕೊಟ್ಟ. ಅಕ್ಕ ಬಾಗಿಲಲ್ಲೇ ನಿಂತಳು. ಅವನು ಒಂದು ಬೆಡ್‌ಶೀಟು ಬಿಚ್ಚಿ ದೀಪಕ್ಕೆ ಹಿಡಿದು, ಮೂಸಿ ನೋಡಿ ಅಕ್ಕನ ಕಡೆ ತಿರುಗಿದ.

“ಏನಮ್ಮಾ ಇದು, ಹೊಸದರ ಥರ ಇದೆಯಲ್ಲ? ಹಂಗಾದ್ರೆ ಇಷ್ಟು ದಿನ ನೀನು ನನ್ ಕಣ್ಣಿಗೆ ಮಣ್ಣೆರಚ್ತಿದ್ದೆ.”

“ಇವತ್ತಿನ ನೀರೇ ಬೇರೆ ಸಾರ್.”

“ದಿನಾ ಅದೇ ನೀರಲ್ಲಿ ಒಗಿ. ನಾನೇನು ಬೇಡ ಅಂದ್ನಾ? ನಾಳೆಯಿಂದ ಹಿಂಗೇ ಇರ್ಬೇಕು. ಇಲ್ಲಾಂದ್ರೆ ಗೊತ್ತಲ್ಲ, ಲಾಂಡ್ರಿಯವನು ಕಾಯ್ತಾ ಇದ್ದಾನೆ.”

ಹೊರಗೆ ಬಂದ ಅಕ್ಕ ಬಿರಬಿರನೆ ನಡೆದಳು. ಹುಡುಗಿ ಓಡಿ ಜೊತೆಯಾದಳು.

“ನಾಳೆಯೂ ಬನ್ನಿ ಅಕ್ಕಾ. ನಾನು ಇರುವವರೆಗೂ ಬನ್ನಿ. ವಾರ್ಡನ್ ಹತ್ತಿರ ನಾನೇ ಮಾತಾಡುತ್ತೇನೆ.”

“ನೀನು ಹೋದ್ಮೇಲೆ?”

ಹುಡುಗಿ ಉಳಿದ ವಾರಗಳನ್ನು ಬೆರಳ ಮೇಲೆ ಎಣಿಸತೊಡಗಿದಳು.

“ಬೇಡ,” ಎಂದಳು ಅಕ್ಕ. “ನಾಳೆ ನಮ್ ಗಲ್ಲಿ ನೀರಲ್ಲೇ ಒಗೀತೀನಿ. ಮಾಸಲು ಅಂತ ಅವನು ಬೈಯೋದಾದ್ರೆ ನಾಳೇನೇ, ನೀನಿರೋವಾಗ್ಲೇ ಬೈಲಿ. ನೀನು ಬಂದು ಪಕ್ಕದಲ್ಲಿ ನಿಂತ್ಕೊ. ನಿನ್ನ ಮುಂದೆ ಅವನ ಬಾಯಿ ಅಷ್ಟು ಬಿಚ್ಚಲ್ಲ. ಇವತ್ತಿನ ನೀರು ನಿನ್ನದು, ನನಗೆ ದಿನಾ ಸಿಗಲ್ಲ ಅಂತ ನೀನೇ ಹೇಳು.”

“ಆದರೂ ಕೆಲಸ ಹೋದರೆ?”

“ಹೋದ್ರೆ ಹೋಗುತ್ತೆ ಅನ್ನೋಕೆ ನಾನೇನು ಅರಮನೇಲಿ ಇದೀನಾ? ಹೋಗದ ಹಂಗೆ ಮಾತಾಡು.”

ಅಷ್ಟು ಹೇಳಿ ಅಕ್ಕ ಬಸ್ಸುಗಳ ನಡುವೆ ನುಸುಳಿ ರಸ್ತೆ ದಾಟಿಬಿಟ್ಟಳು. ಮ್ಯಾನೇಜರಿಗೆ ಏನು ಹೇಳಬೇಕೆಂದು ಹುಡುಗಿ ಈಚೆ ಬದಿಯಲ್ಲೇ ನಿಂತು ಮನಸ್ಸಿನಲ್ಲಿ ಒಂದು ವಾಕ್ಯ ಕಟ್ಟಿದಳು, ಮುರಿದಳು, ಮತ್ತೆ ಕಟ್ಟಿದಳು.